ಸೈಕಲ್ಲಿಗೂ ಚೀಟಿ ಇದೆ, ಜಾಗ ಎಲ್ಲಿದೆ?

ನಮ್ಮೂರ ಕಾಕಾ ಒಬ್ಬರು ಬೆಂಗಳೂರಿನಲ್ಲಿ ರಾತ್ರಿ ಕಾವಲು ಕೆಲಸ ಮಾಡುತ್ತಾರೆ. ರೂಮಿನಿಂದ ಕೆಲಸದ ಜಾಗಕ್ಕೆ ನಾಲ್ಕು ಕಿಲೋಮೀಟರ್. ಬೆಳಗಿನ ಜಾವ ಬಸ್ ಇರಲ್ಲ, ಆಟೊಗೆ ಕೊಟ್ಟರೆ ಕೂಲಿಯಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ಊರಲ್ಲಿ ಮಗನ ಸೈಕಲ್ ಗೋಡೆಗೆ ಒರಗಿ ತುಕ್ಕು ಹಿಡಿಯುತ್ತಿದೆ. ಹಬ್ಬಕ್ಕೆ ಬಂದವರು ಅದನ್ನು ರೈಲಿನಲ್ಲಿ ಒಯ್ಯುತ್ತೇನೆ ಎಂದರು. ಕಳಿಸಿಕೊಡಲು ನಾವೂ ಹೋದೆವು.

ಹತ್ತಿರದ ಸ್ಟೇಷನ್ನಿನಲ್ಲಿ ರೈಲು ನಿಲ್ಲುವುದು ಎರಡೇ ನಿಮಿಷ. ‘ಸೈಕಲ್ ಇಲ್ಲಿ ಬುಕ್ ಆಗಲ್ಲ, ಜಂಕ್ಷನ್ನಿಗೆ ಹೋಗಿ’ ಅಂದರು. ಟಂಟಂ ಮೇಲೆ ಕಟ್ಟಿಕೊಂಡು ಹೋದೆವು. ಅಲ್ಲಿ ‘ಗೋಣಿಚೀಲ ಸುತ್ತಿಸಿಕೊಂಡು ಬನ್ನಿ’ ಅಂದರು. ಸುತ್ತಿಸಿದೆವು. ‘ಟಿಕೆಟ್ ತೋರಿಸಿ’ ಅಂದರು. ಕಾಕಾ ಅವರದು ವೇಟಿಂಗ್ ಲಿಸ್ಟ್, ಚಾರ್ಟ್ ಆದಾಗ ತಾನಾಗಿ ರದ್ದಾಗಿತ್ತು. ಓಡಿಹೋಗಿ ಜನರಲ್ ಟಿಕೆಟ್ ತಂದೆವು. ಆಗ ಬಂದ ಉತ್ತರ: ‘ಈ ಗಾಡಿಯ ಲಗೇಜ್ ಬೋಗಿ ತುಂಬಿದೆ.’

ಕಾಕಾ ಜನರಲ್ ಬೋಗಿಯ ಬಾಗಿಲಲ್ಲಿ ನಿಂತು ಹೋದರು. ಸೈಕಲ್ ನಮ್ಮ ಜೊತೆ ವಾಪಸ್ ಬಂತು.

ಇದರಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ. ನಮ್ಮ ಸಿಟ್ಟು ಇರುವುದೂ ಅಲ್ಲೇ. ರೈಲ್ವೆ ನಿಯಮದಲ್ಲಿ ಸೈಕಲ್ ಒಯ್ಯಲು ಅವಕಾಶವಿದೆ. ಸ್ಲೀಪರ್ ಟಿಕೆಟ್ಟಿಗೆ 40 ಕಿಲೋ ಸಾಮಾನು ಉಚಿತ. ಆದರೆ ಆ ಲೆಕ್ಕಕ್ಕೆ ಸೈಕಲ್ ಬರಲ್ಲ, ಬೇರೆ ದುಡ್ಡು ಕಟ್ಟಿ ಲಗೇಜ್ ಬೋಗಿಗೆ ಹಾಕಬೇಕು. ಆಗಲಿ, ಕಟ್ಟುತ್ತೇವೆ. ಆದರೆ ಆ ಬೋಗಿಯಲ್ಲಿ ಜಾಗ ಇದೆಯೋ ಇಲ್ಲವೋ ಎಂದು ಮನೆಯಲ್ಲಿ ಕೂತು ತಿಳಿಯುವುದು ಹೇಗೆ? ನಮ್ಮ ಸೀಟು ವೇಟಿಂಗ್ ಲಿಸ್ಟಿನಲ್ಲಿ ಎಷ್ಟನೆಯದು ಅಂತ ಮೊಬೈಲ್ ಹೇಳುತ್ತದೆ. ಸೈಕಲ್ಲಿನ ಗತಿ ಮಾತ್ರ ಪ್ಲಾಟ್‌ಫಾರ್ಮಿಗೆ ಹೋದ ಮೇಲೇ ಗೊತ್ತಾಗಬೇಕು.

ಇನ್ನು ಸೀಟಿನ ಮಾತು. ಮುಂಗಡ ಬುಕಿಂಗ್ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನಕ್ಕೆ ಇಳಿದಿದೆ. 60 ದಿನವೇ ಇರಲಿ, ಮೇಸ್ತ್ರಿ ರಜೆ ಕೊಡುವುದು ಎರಡು ದಿನ ಮುಂಚೆ. ಉಳಿದದ್ದು ತತ್ಕಾಲ್. ಸ್ಲೀಪರ್ ತತ್ಕಾಲ್ ಹಿಂದಿನ ದಿನ ಬೆಳಿಗ್ಗೆ 11ಕ್ಕೆ ತೆರೆಯುತ್ತದೆ. ಆ ಹೊತ್ತಿಗೆ ನಾವು ಹೊಲದಲ್ಲೋ ಸೆಂಟ್ರಿಂಗ್ ಮೇಲೋ ಇರುತ್ತೇವೆ. ಆನ್‌ಲೈನ್ ತತ್ಕಾಲ್‌ಗೆ 2025ರ ಜುಲೈ 1ರಿಂದ ಆಧಾರ್ ಜೋಡಣೆ ಕಡ್ಡಾಯ. ಮೊದಲ ಅರ್ಧ ಗಂಟೆ ಏಜೆಂಟರು ಬುಕ್ ಮಾಡುವಂತಿಲ್ಲ. ದಲ್ಲಾಳಿಗಳನ್ನು ತಡೆಯಲು ಇದು ಬೇಕಿತ್ತು, ಒಪ್ಪುತ್ತೇವೆ. ಆದರೆ ಆಧಾರಿನಲ್ಲಿ ಹಳೇ ನಂಬರ್ ಇರುವ, ಮೊಬೈಲಿನಲ್ಲಿ ಎರಡು ಕಡ್ಡಿ ನೆಟ್‌ವರ್ಕ್ ಬರುವ ಮನುಷ್ಯ ಇಷ್ಟು ದಿನ ನಂಬಿದ್ದೇ ಊರಿನ ಸೈಬರ್ ಅಂಗಡಿಯನ್ನು. ಅಂಗಡಿಗೆ ಬಾಗಿಲು ತೆರೆಯುವಷ್ಟರಲ್ಲಿ ಸೀಟು ಮುಗಿದಿರುತ್ತದೆ.

ಜನ ಹೆಚ್ಚು, ರೈಲು ಕಡಿಮೆ, ಸೈಕಲ್ಲಿಗೆ ಎಲ್ಲಿ ಜಾಗ ಎಂದು ಕೇಳುವವರಿದ್ದಾರೆ. ಕಾಲಿಡಲು ಜಾಗವಿಲ್ಲದ ಜನರಲ್ ಬೋಗಿಗೆ ಸೈಕಲ್ ನುಗ್ಗಿಸಿ ಎಂದು ನಾವು ಹೇಳುತ್ತಿಲ್ಲ. ಕೇಳುವುದು ಇಷ್ಟೇ. ಪ್ರತಿ ದೂರದ ಗಾಡಿಯ ಲಗೇಜ್ ಬೋಗಿಯಲ್ಲಿ ನಾಲ್ಕೈದು ಸೈಕಲ್ಲಿನ ಜಾಗ ಪ್ರಯಾಣಿಕರಿಗೆ ಮೀಸಲಿಡಿ. ಸೀಟು ಬುಕ್ ಮಾಡುವಾಗಲೇ ಅದನ್ನೂ ಬುಕ್ ಮಾಡಲು ಬಿಡಿ. ಟಿಕೆಟ್ ರದ್ದಾದರೆ ಆ ದುಡ್ಡನ್ನೂ ಪೂರ್ತಿ ಕೊಡಿ. ಸಣ್ಣ ಸ್ಟೇಷನ್ನಿನಲ್ಲೂ ಚೀಟಿ ಹರಿಯಿರಿ, ಎರಡು ನಿಮಿಷದಲ್ಲಿ ಒಂದು ಸೈಕಲ್ ಎತ್ತಿಡುವುದು ನಮಗೆ ಕಷ್ಟವಲ್ಲ. ಕೊಚ್ಚಿ ಮೆಟ್ರೊ 2020ರಲ್ಲೇ ಸೈಕಲ್ ಜೊತೆ ಹತ್ತಲು ಬಿಟ್ಟಿತು. ಮನಸ್ಸಿದ್ದಲ್ಲಿ ದಾರಿ ಇತ್ತು.

ಅಲ್ಲಿಯವರೆಗೆ ಸೈಕಲ್ ಒಯ್ಯುವವರಿಗೆ ಒಂದು ಮಾತು. ‘ಪಾರ್ಸಲ್’ ಅನ್ನಬೇಡಿ, ಪ್ರಯಾಣದ ಟಿಕೆಟ್ ತೋರಿಸಿ ‘ಲಗೇಜ್’ ಎಂದೇ ಕೇಳಿ. ಪಾರ್ಸಲ್ ಆದರೆ ಬೇರೆ ಗಾಡಿಗೂ ಹೋಗಬಹುದು. ಹೆಸರು, ಮೊಬೈಲ್ ನಂಬರ್, ಇಳಿಯುವ ಸ್ಟೇಷನ್ ಬರೆದು ಕಟ್ಟಿ. ರಸೀದಿ ಜೋಪಾನ. ಆಗಲ್ಲ ಎಂದರೆ 139ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ದೂರು ಬರದಿದ್ದರೆ ಅವರ ಲೆಕ್ಕದಲ್ಲಿ ಸೈಕಲ್ ಒಯ್ಯುವವರೇ ಇಲ್ಲ.

ಕಾಕಾ ಈಗಲೂ ನಡೆದೇ ರೂಮಿಗೆ ಹೋಗುತ್ತಾರೆ. ಗೋಣಿಚೀಲ ಸುತ್ತಿದ ಸೈಕಲ್ ಅದೇ ಗೋಡೆಗೆ ಒರಗಿದೆ. ಬಿಚ್ಚಬೇಡಿ ಅಂದಿದ್ದೇವೆ. ದೀಪಾವಳಿಗೆ ಮತ್ತೆ ಜಂಕ್ಷನ್ನಿಗೆ ಹೋಗುತ್ತೇವೆ.