ಗಂಧದ ಮರ ಯಾರ ಸ್ವತ್ತು?

ಮೈಸೂರೆಂದರೆ ಗಂಧ, ಗಂಧವೆಂದರೆ ಮೈಸೂರು ಎಂದು ನಾವು ಹೆಮ್ಮೆಪಡುತ್ತೇವೆ. ಕೆಸರೆಯಲ್ಲಿ ನಿಂತು, ಒಂದು ಗಂಧದ ಮರ ತೋರಿಸಿರಪ್ಪಾ ಎಂದರೆ ಎಷ್ಟು ಮಂದಿ ಬೆರಳು ಮಾಡಿ ತೋರಿಸಿಯಾರು? ಮನೆಯಲ್ಲಿ ಕುಳಿತು ಊದುಬತ್ತಿ ಹೊಸೆಯುವ ತಾಯಂದಿರಿಗೂ, ಗಂಧದ ಸಾಬೂನು ಮಾರುವ ಅಂಗಡಿಯವರಿಗೂ ಮರದ ಗುರುತಿಲ್ಲ. ಇದು ದೈವದ ಆಟವಲ್ಲ, ಕಾನೂನಿನ ಫಲ.

1792ರಲ್ಲಿ ಟಿಪ್ಪು ಸುಲ್ತಾನನು ಗಂಧವನ್ನು ರಾಜವೃಕ್ಷವೆಂದು ಸಾರಿದನು. ಅವನು ಹೋದ ಮೇಲೆ ಬಂದ ಅರಸರೂ, ಆಮೇಲಿನ ಸರ್ಕಾರಗಳೂ ಆ ಹಕ್ಕನ್ನು ಬಿಡಲಿಲ್ಲ. ಜಮೀನು ರೈತನದು, ಕಾಯುವ ಹೊಣೆ ರೈತನದು, ಮರ ಮಾತ್ರ ಸರ್ಕಾರದ್ದು! 1914ರ ಯುದ್ಧದಿಂದ ಜರ್ಮನಿಗೆ ಹೋಗುತ್ತಿದ್ದ ಗಂಧ ನಿಂತಾಗ, ಸಂಸ್ಥಾನವು ಮೈಸೂರಿನಲ್ಲೇ ಎಣ್ಣೆ ತೆಗೆಯುವ ಕಾರ್ಖಾನೆ ಕಟ್ಟಿತು. 1918ರಲ್ಲಿ ಬೆಂಗಳೂರಿನಲ್ಲಿ ಸಾಬೂನು ಕಾರ್ಖಾನೆ ಬಂತು. ಇದು ಒಳ್ಳೆಯ ಕೆಲಸವೇ. ನೂರಾರು ಮಂದಿಗೆ ಅನ್ನವಾಯಿತು. ಆದರೆ ಮರ ಬೆಳೆಸುವವನಿಗೆ ಹಕ್ಕು ಬರಲಿಲ್ಲ. ಹೊಲದ ಬದುವಿನಲ್ಲಿ ಹಕ್ಕಿ ಬಿತ್ತಿದ ಸಸಿ ಎದ್ದರೆ, ಮುಂದಿನ ತಾಪತ್ರಯ ಬೇಡವೆಂದು ರೈತನು ಕಿತ್ತೆಸೆದನು. ಉಳಿದುದನ್ನು ಕಳ್ಳರು ಕಡಿದರು. ಮಲೆ ಮಹದೇಶ್ವರನ ಬೆಟ್ಟದ ಕಾಡುಗಳಲ್ಲಿ ವೀರಪ್ಪನ್ ನಡೆಸಿದ ಲೂಟಿ ಎಲ್ಲರಿಗೂ ಗೊತ್ತು. ಕೊಡಗಿನಲ್ಲಿ 1899ರಲ್ಲಿ ಗುರುತಿಸಿದ ಸ್ಪೈಕ್ ರೋಗವೂ ಮರಗಳನ್ನು ತಿಂದಿತು: ಎಲೆ ಸಣ್ಣದಾಗಿ, ಕೊಂಬೆಯ ತುದಿಯಲ್ಲಿ ಮುಳ್ಳಿನಂತೆ ನಿಮಿರಿ, ಮರ ಒಣಗುತ್ತದೆ.

2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಜಮೀನಿನವನೇ ಗಂಧದ ಮರಕ್ಕೆ ಒಡೆಯನೆಂದಾಯಿತು. ಇನ್ನೂರು ವರ್ಷ ದಾಟಿದ ಮೇಲೆ ಬಂದ ಬುದ್ಧಿ! ಹಾಗಾದರೆ ಎಲ್ಲರೂ ನೆಡಬಹುದಲ್ಲವೇ? ಇಲ್ಲಿ ಲೆಕ್ಕ ನೋಡಬೇಕು.

ಗಂಧವು ಒಂಟಿಯಾಗಿ ಬಾಳುವ ಮರವಲ್ಲ. ತನ್ನ ಬೇರನ್ನು ನೆರೆಯ ಗಿಡದ ಬೇರಿಗೆ ಕಚ್ಚಿಸಿ ಸಾರ ಹೀರುತ್ತದೆ. ಆದ್ದರಿಂದ ಸಸಿಯ ಜೊತೆಗೆ ತೊಗರಿ, ಆಮೇಲೆ ಹೊಂಗೆ, ಸರ್ವೆಯಂಥ ಆಸರೆ ಗಿಡ ಬೇಕು. ಸುವಾಸನೆ ಇರುವುದು ಒಳಗಿನ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಚೇಗು ಕೂಡಲು ಹತ್ತು ಹದಿನೈದು ವರ್ಷ, ಚೆನ್ನಾಗಿ ಬಲಿಯಲು ಇನ್ನೂ ಹೆಚ್ಚು. ಕಡಿಯಲು ಅಪ್ಪಣೆ, ಸಾಗಿಸಲು ರಹದಾರಿ. ಚೇಗು ಕೂಡಿದ ದಿನದಿಂದ ಗರಗಸದವನ ಭಯ. ಹದಿನೈದು ವರ್ಷ ಕಾದು, ಬೇಲಿ ಹಾಕಿ, ಕಾವಲಿಟ್ಟು ಕೂರಬಲ್ಲವನು ಯಾರು? ಎರಡು ಎಕರೆಯ ರೈತನೋ, ಹಣದ ಥೈಲಿಯವನೋ? ದೂರದ ಆಸ್ಟ್ರೇಲಿಯಾದ ಕುನುನುರಾದಲ್ಲಿ ಬಂಡವಾಳದ ಕಂಪನಿಗಳು ನಮ್ಮದೇ ಜಾತಿಯ ಗಂಧವನ್ನು ಸಾವಿರಾರು ಎಕರೆಯಲ್ಲಿ ಬೆಳೆಸಿವೆ. ಹೆಸರು ಮೈಸೂರಿನದು, ಮರ ಪರದೇಶದ್ದು ಆಗುವ ಕಾಲ ಬರಬಾರದು.

ಬರಿಯ ಹಕ್ಕುಪತ್ರದಿಂದ ಮರ ಬೆಳೆಯುವುದಿಲ್ಲ; ಹಕ್ಕಿನ ಜೊತೆ ಕಾವಲೂ ಕೂಳೂ ಬೇಕು. ನಾವು ಕೇಳುವುದಿಷ್ಟು:

ಒಂದು, ಸಣ್ಣ ಬೆಳೆಗಾರರು ಸಹಕಾರ ಸಂಘ ಕಟ್ಟಿ ಒಟ್ಟಾಗಿ ಕಾವಲಿಡಲು ಸರ್ಕಾರ ನೆರವು ಕೊಡಲಿ.

ಎರಡು, ಕಾಯುವ ವರ್ಷಗಳಿಗೆ ಕಡಿಮೆ ಬಡ್ಡಿಯ ಸಾಲ ಸಿಗಲಿ. ಮರ ಕಳುವಾದರೆ ಬೆಳೆಗಾರನಿಗೆ ವಿಮೆಯ ಪರಿಹಾರ ಸಿಗಲಿ.

ಮೂರು, ಜಮೀನಿಲ್ಲದ ನಮ್ಮಂಥವರಿಗಾಗಿ ಶಾಲೆಯ ಬಯಲಿನಲ್ಲಿ, ಕೆರೆಯ ದಂಡೆಯಲ್ಲಿ ಗಂಧ ನೆಡಲಿ. ಕಾಯುವ ಕೂಲಿ ಊರವರಿಗೇ ಸಿಗಲಿ, ಹುಟ್ಟುವಳಿಯಲ್ಲಿ ಪಾಲೂ ಇರಲಿ.

ಅರಸನ ಮರವನ್ನು ಕಾಯಲು ಪಹರೆ ಸಾಲಲಿಲ್ಲ. ಜನರ ಮರವಾದರೆ ಜನರೇ ಕಾಯುತ್ತಾರೆ.