ಭೇದಿ ಹಿಡಿದವರ ಕೈಯಿಂದ ಸೌಟು ಇಸಿದುಕೊಳ್ಳಿ

ಮನೆಯಲ್ಲಿ ಯಾರಿಗಾದರೂ ರಕ್ತಭೇದಿ ಆಯಿತೆಂದುಕೊಳ್ಳಿ. ಮೊದಲು ಏನು ಮಾಡುತ್ತೀರಿ? ಫಿನಾಯಿಲ್ ಬಾಟಲಿ ಹುಡುಕುತ್ತೀರಿ. ಪಾಯಖಾನೆಗೆ ಸುರಿಯುತ್ತೀರಿ, ನೆಲವನ್ನು ಎರಡು ಸಲ ಒರೆಸುತ್ತೀರಿ, ಹಾಸಿಗೆಯ ಚಾದರ ಬದಲಾಯಿಸುತ್ತೀರಿ. ಮನೆ ತುಂಬ ವಾಸನೆ ಹರಡಿದ ಮೇಲೆ ಮನಸ್ಸಿಗೆ ಸಮಾಧಾನ. ರೋಗಿ ಆ ಮನೆಯ ತಾಯಿಯಾಗಿದ್ದರೆ, ಇಷ್ಟೆಲ್ಲ ತಾನೇ ಮಾಡಿ ಮುಗಿಸಿ, ಹೊಟ್ಟೆ ಹಿಡಿದುಕೊಂಡೇ ಮಧ್ಯಾಹ್ನದ ಊಟಕ್ಕೆ ಈರುಳ್ಳಿ ಹೆಚ್ಚಲು ಕೂರುತ್ತಾಳೆ.

ಬೇರೆಯವರ ಮನೆಯ ಮಾತಲ್ಲ ಇದು. ಕೆಲವು ವರ್ಷಗಳ ಹಿಂದಿನ ಮಳೆಗಾಲದಲ್ಲಿ ನನ್ನ ಮನೆಯಲ್ಲೇ ನಡೆದದ್ದು. ಹೆಂಡತಿಗೆ ರಕ್ತಭೇದಿ. ಔಷಧ ಕೊಟ್ಟೆ, ವಿಶ್ರಾಂತಿ ತಗೋ ಎಂದೆ, ದವಾಖಾನೆಗೆ ಹೊರಟುಹೋದೆ. ರಾತ್ರಿ ಬಂದು ಅವಳೇ ಮಾಡಿದ ಅನ್ನ, ದಾಲ್ಚಾ, ಈರುಳ್ಳಿ ಟೊಮೆಟೊ ಕಚುಂಬರ್ ಉಂಡೆವು. ಎರಡನೆಯ ದಿನ ಚಿಕ್ಕ ಮಗಳಿಗೆ ಶುರುವಾಯಿತು, ಮಾರನೆಯ ದಿನ ಎಪ್ಪತ್ತು ದಾಟಿದ ನನ್ನ ಅಮ್ಮನಿಗೆ. ಅಮ್ಮ ಎರಡು ರಾತ್ರಿ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದರು. ದಿನವಿಡೀ ಊರವರಿಗೆ ಪಥ್ಯ ಹೇಳುವ ನಾನು ಮನೆಯಲ್ಲಿ ಹೆಂಡತಿಯ ಕೈಯಿಂದ ಸೌಟು ಇಸಿದುಕೊಳ್ಳಲಿಲ್ಲ. ಅಂದಿನಿಂದ ನನ್ನ ಅಭಿಪ್ರಾಯ ಇದು: ಕರುಳಿನ ಸೋಂಕು ಇರುವ ಮನೆಯಲ್ಲಿ ನೆಲದ ಚಿಂತೆ ಆಮೇಲೆ, ಅಡುಗೆ ಯಾರು ಮಾಡುತ್ತಾರೆ ಎಂಬುದು ಮೊದಲು.

ಕಾರಣ ಸರಳ. ರಕ್ತಭೇದಿ ತರುವ ಶಿಗೆಲ್ಲಾ ಎಂಬ ರೋಗಾಣು ಹತ್ತರಿಂದ ನೂರರಷ್ಟು ಹೊಟ್ಟೆ ಸೇರಿದರೂ ರೋಗ ಬರಬಹುದು. ಉಗುರಿನ ಸಂದಿಯಲ್ಲಿ ಕಣ್ಣಿಗೆ ಕಾಣದಷ್ಟು ಕೊಳೆ ಉಳಿದರೆ ಸಾಕು. ಈ ರೋಗ ನೆಲದಿಂದ ನೇರವಾಗಿ ಬಾಯಿಗೆ ಹಾರುವುದಿಲ್ಲ, ಕೈಯ ಮೇಲೆ ಕೂತು ಪ್ರಯಾಣ ಮಾಡುತ್ತದೆ.

ಇಲ್ಲಿ ಹಲವರು ನನ್ನನ್ನು ತಡೆಯುತ್ತಾರೆ. "ಡಾಕ್ಟರ್ ಸಾಬ್, ದಿನಕ್ಕೆ ಐದು ಸಲ ವುಝೂ ಮಾಡುವ ಕೈ ಇದು, ಇದರಲ್ಲೆಂಥ ಕೊಳೆ?" ನಾವು ನೀರಿನಿಂದ ಶೌಚ ಮಾಡುವವರು, ಅದರ ಬಗ್ಗೆ ಅಭಿಮಾನ ಇರಬೇಕಾದದ್ದೇ. ಆದರೆ ನಮಾಝಿಗೆ ಕೈ ಪಾಕ್ ಆಗಲು ನೀರು ಸಾಕು, ರೋಗಾಣು ಬಿಟ್ಟುಹೋಗಲು ಸಾಬೂನು ಬೇಕು. ಇವೆರಡೂ ಬೇರೆ ಬೇರೆ ಲೆಕ್ಕ. ಒಂದರಿಂದ ಇನ್ನೊಂದು ತೀರುವುದಿಲ್ಲ. ನಿದ್ದೆಯಿಂದ ಎದ್ದವನು ಕೈ ತೊಳೆಯದೆ ನೀರಿನ ಪಾತ್ರೆಗೆ ಅದ್ದಬಾರದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಕೈ ಎಲ್ಲೆಲ್ಲಿ ಹೋಗಿತ್ತೆಂದು ಮಲಗಿದ್ದವನಿಗೆ ತಿಳಿಯದು ಎಂಬ ಎಚ್ಚರ ಅದರಲ್ಲಿದೆ. ಭೇದಿಯಾದವನ ಕೈ ಎಲ್ಲಿಗೆ ಹೋಗಿತ್ತೆಂದು ನಮಗೆ ಚೆನ್ನಾಗಿಯೇ ಗೊತ್ತು!

ಈಗ ನಿಮ್ಮ ಪಾಯಖಾನೆಯನ್ನು ಒಮ್ಮೆ ನೋಡಿ ಬನ್ನಿ. ಸಾಬೂನು ಎಲ್ಲಿದೆ? ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ಅದು ಹೊರಗಿನ ಬೇಸಿನ್ ಮೇಲೆ. ಅಂದರೆ ಶೌಚ ಮುಗಿಸಿದ ಕೈ ಮೊದಲು ಮಗ್ ಹಿಡಿಯುತ್ತದೆ, ನಲ್ಲಿ ತಿರುಗಿಸುತ್ತದೆ, ಚಿಲಕ ತೆಗೆಯುತ್ತದೆ, ಲೈಟಿನ ಸ್ವಿಚ್ ಒತ್ತುತ್ತದೆ, ಆಮೇಲೆ ಸಾಬೂನು ಮುಟ್ಟುತ್ತದೆ. ನೀವು ಇಪ್ಪತ್ತು ಸೆಕೆಂಡ್ ತಿಕ್ಕಿ ತೊಳೆದರೂ ಮುಂದಿನವರಿಗೆ ಚಿಲಕದ ಮೇಲೆ ರೋಗ ಬಿಟ್ಟು ಬಂದಿದ್ದೀರಿ. ಹಾಗಾಗಿ ಸಾಬೂನು ಚಿಲಕದ ಒಳಗಡೆ ಇರಲಿ. ರೋಗ ಇರುವಷ್ಟು ದಿನ ಬಿಲ್ಲೆಗಿಂತ ಒತ್ತಿ ಬಳಸುವ ದ್ರವ ಸಾಬೂನು ಅನುಕೂಲ. ಕೈ ತೊಳೆಯುವಾಗ ನಲ್ಲಿಯ ತಲೆಗೂ ನೊರೆ ಹಚ್ಚಿ ತೊಳೆಯಿರಿ. ಕೈ ಒರೆಸುವ ಟವೆಲ್ ರೋಗಿಗೆ ಬೇರೆ. ಎರಡು ಪಾಯಖಾನೆ ಇದ್ದರೆ ಒಂದನ್ನು ರೋಗಿಗೆ ಬಿಟ್ಟುಕೊಡಿ, ಇಲ್ಲದಿದ್ದರೆ ಮಗ್ ಒಂದನ್ನಾದರೂ ಬೇರೆ ಮಾಡಿ. ಸ್ಯಾನಿಟೈಸರ್ ಸಾಬೂನಿನ ಜಾಗ ತುಂಬುವುದಿಲ್ಲ, ಕೊಳೆಯಾದ ಕೈಗೆ ಅದು ಸರಿಯಾಗಿ ಕೆಲಸ ಮಾಡದು.

ದಿನಕ್ಕೆರಡು ಸಲ ಒರೆಸಬೇಕಾದದ್ದು ಮಗ್ ಹಿಡಿ, ನಲ್ಲಿ, ಫ್ಲಶ್, ಚಿಲಕ, ಸ್ವಿಚ್. ಮೊದಲು ಸಾಬೂನು ನೀರು ಹಾಕಿದ ಬಟ್ಟೆಯಿಂದ, ಆಮೇಲೆ ಬ್ಲೀಚ್ ದ್ರಾವಣದಲ್ಲಿ ಹಿಂಡಿದ ಬಟ್ಟೆಯಿಂದ. 4 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ ಆದರೆ ಒಂದು ಲೀಟರ್ ನೀರಿಗೆ 25 ಮಿಲಿ ಲೀಟರ್ ಸಾಕು. ಹತ್ತು ನಿಮಿಷ ಬಿಟ್ಟು ನೀರಿನಿಂದ ಒರೆಸಿ. ಪಾಯಖಾನೆ ತೊಳೆಯುವ ಆಸಿಡ್ ಜೊತೆ ಇದನ್ನು ಎಂದೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಕಲೆಯಾದ ಬಟ್ಟೆಯನ್ನು ಝಾಡಿಸದೆ ಬೇರೆಯಾಗಿ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಮಗುವಿನ ಬಟ್ಟೆಯನ್ನು ಪಾತ್ರೆ ತೊಳೆಯುವ ಸಿಂಕಿನಲ್ಲಿ ಜಾಲಿಸುವ ಅಭ್ಯಾಸವಂತೂ ದಯವಿಟ್ಟು ಬಿಡಿ.

ಅಡುಗೆಯ ವಿಷಯಕ್ಕೆ ಮರಳುತ್ತೇನೆ. ಕೊನೆಯ ಭೇದಿಯಾಗಿ 48 ಗಂಟೆ ಕಳೆಯುವವರೆಗೆ ರೋಗಿ ಅಡುಗೆ ಮುಟ್ಟಬಾರದು. ಭೇದಿ ನಿಂತ ಮೇಲೂ ಕೆಲವು ವಾರ ಮಲದಲ್ಲಿ ರೋಗಾಣು ಹೋಗುತ್ತಿರಬಹುದು, ಆದ್ದರಿಂದ ಸಾಬೂನಿನ ಶಿಸ್ತು ಅಲ್ಲಿಗೇ ಮುಗಿಯದು. ಟೈಫಾಯಿಡ್ ಆದವರು ಮತ್ತೆ ಅಡುಗೆಗೆ ಇಳಿಯುವ ಮೊದಲು ವೈದ್ಯರನ್ನು ಕೇಳಲೇಬೇಕು. ಅಮೆರಿಕದ ನ್ಯೂಯಾರ್ಕಿನಲ್ಲಿ ಮೇರಿ ಮ್ಯಾಲನ್ ಎಂಬ ಅಡುಗೆಯಾಕೆ ಇದ್ದಳು. ತಾನು ಆರೋಗ್ಯವಾಗಿಯೇ ಇದ್ದು ದುಡಿದ ಹಲವು ಮನೆಗಳಿಗೆ ಟೈಫಾಯಿಡ್ ಹಂಚುತ್ತಿದ್ದಳೆಂದು 1907ರಲ್ಲಿ ಪತ್ತೆಯಾಯಿತು. ತನ್ನಲ್ಲಿ ರೋಗವಿದೆಯೆಂದು ಆಕೆ ಕೊನೆಯವರೆಗೂ ನಂಬಲಿಲ್ಲ.

"ಹಾಗಾದರೆ ಉಣ್ಣುವುದೇನು?" ಎಂದು ಗಂಡಸರು ಕೇಳುತ್ತಾರೆ. ಅನ್ನಕ್ಕಿಡಲು, ಬೇಳೆ ಬೇಯಿಸಲು, ಮೊಟ್ಟೆ ಕುದಿಸಲು ಎಷ್ಟು ವಿದ್ಯೆ ಬೇಕು? ಪ್ರವಾದಿವರ್ಯರು(ಸ) ಮನೆಗೆಲಸದಲ್ಲಿ ಕೈಜೋಡಿಸುತ್ತಿದ್ದರೆಂಬ ಆಯಿಶಾ(ರ) ಅವರ ಹದೀಸನ್ನು ಕೇಳಿ ತಲೆದೂಗುತ್ತೇವೆ, ಮನೆಗೆ ಬಂದು ಚಹಾ ಎಲ್ಲಿ ಎನ್ನುತ್ತೇವೆ. ಮನೆಯಲ್ಲಿ ಬೇರೆ ಯಾರೂ ಇಲ್ಲದೆ ಆಕೆಯೇ ಮಾಡಲೇಬೇಕಾದ ಸ್ಥಿತಿಯೂ ಇರುತ್ತದೆ. ಆಗ ಕುದಿಯುವ ಅಡುಗೆ ಮಾತ್ರ ಮಾಡಲಿ. ಬೆಂಕಿ ರೋಗಾಣುವನ್ನು ಕೊಲ್ಲುತ್ತದೆ. ಅಪಾಯ ಇರುವುದು ಬೆಂದ ಮೇಲೆ ಕೈ ತಾಗುವುದರಲ್ಲಿ, ಬೇಯದೆ ತಿನ್ನುವ ಕಚುಂಬರ್, ಚಟ್ನಿ, ಹೆಚ್ಚಿದ ಹಣ್ಣಿನಲ್ಲಿ. ಬಡಿಸುವ ಕೆಲಸ ಬೇರೆಯವರು ಮಾಡಲಿ. ಒಂದೇ ತಟ್ಟೆಯ ಸುತ್ತ ಕೂತು ಉಣ್ಣುವ ಸಂತೋಷವನ್ನು ಆ ಕೆಲವು ದಿನ ಮುಂದೂಡಿ.

ಯುನಾನಿ ಹಕೀಮನಾಗಿ ಇನ್ನೊಂದು ಮಾತು. ಭೇದಿಗೆ ನಮ್ಮಲ್ಲಿ ಬಿಲ್ವದ ಕಾಯಿ, ಇಸಬ್‌ಗೋಲ್ ಉಂಟು, ನಾನೂ ಕೊಡುತ್ತೇನೆ. ಅವು ಚಿಲಕದ ಮೇಲಿನ ರೋಗಾಣುವನ್ನು ಕೊಲ್ಲವು, ದೇಹ ಕಳೆದುಕೊಂಡ ನೀರನ್ನೂ ತುಂಬಿಕೊಡವು. ಅದಕ್ಕೆ ಓಆರ್‌ಎಸ್ ಬೇಕು. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಮಲದಲ್ಲಿ ರಕ್ತ, ಜೋರು ಜ್ವರ, ಗುಳಿಬಿದ್ದ ಕಣ್ಣು, ಮೂತ್ರ ನಿಂತದ್ದು, ಮಗು ಮಂಕಾದದ್ದು, ಇವುಗಳಲ್ಲಿ ಯಾವುದೊಂದು ಕಂಡರೂ ನನ್ನಂಥವರ ಬಾಗಿಲಲ್ಲಿ ಕಾಯದೆ ಆಸ್ಪತ್ರೆಗೆ ಹೋಗಿ.

ಇನ್ನು ನೆರೆಯವರು. ಸಾವಿನ ಮನೆಗೆ ಊಟ ಕಳಿಸುವುದನ್ನು ನಾವು ಮರೆಯುವುದಿಲ್ಲ. ಮನೆಯ ತಾಯಿ ಭೇದಿಯಿಂದ ಮಲಗಿದಾಗಲೂ ಎರಡು ಹೊತ್ತು ಕಳಿಸಿ. ರೋಗಿಯನ್ನು ಕಾಣಲು ಎಂಟು ಜನ ಹೋಗಿ ಚಹಾ ಮಾಡಿಸಿಕೊಂಡು ಕುಡಿಯುವುದಕ್ಕಿಂತ ಅದು ದೊಡ್ಡ ಉಪಕಾರ. ಊಟ ಪಡೆದವರೇ, ಬಂದ ಪಾತ್ರೆಯನ್ನು ಬರಿದಾಗಿ ಕಳಿಸಬಾರದೆಂದು ಏನನ್ನೋ ಮಾಡಿ ತುಂಬಿಸಲು ಹೋಗಬೇಡಿ. ಮನೆಯಲ್ಲಿ ಆರೋಗ್ಯವಾಗಿರುವವರು ಸಾಬೂನು ಹಚ್ಚಿ ತೊಳೆದು ಖಾಲಿಯೇ ಕೊಟ್ಟು ಬರಲಿ. ಖೀರು ಮುಂದಿನ ತಿಂಗಳು ಕಳಿಸಿದರಾಯಿತು.