ಆಟದ ಡಬ್ಬಿಯ ಗೊರಗೊರ

ಕಳೆದ ಸಂಚಿಕೆಯಲ್ಲಿ ಉಪ್ಪಿನಕಾಯಿ ಜಾಡಿಯ ಮಾತೆತ್ತಿ ಕೆಲವು ಗೃಹಿಣಿಯರ ಕೋಪಕ್ಕೆ ಪಾತ್ರರಾದೆವು. ಈ ಸಲ ಬೇರೊಂದು ಡಬ್ಬಿಯ ವಿಚಾರ.

1996ರಲ್ಲಿ ನಮ್ಮ ಚಿಕ್ಕಪ್ಪನವರು ಮಸ್ಕತಿನಿಂದ ಬರುವಾಗ ಒಂದು ಗೇಮ್ ಬಾಯ್ ತಂದರು. ಜಪಾನಿನ ನಿಂಟೆಂಡೊ ಕಂಪನಿಯವರು 1989ರಲ್ಲಿ ಹೊರತಂದ ಬೂದುಬಣ್ಣದ ಯಂತ್ರ. ಕಾಚಿಗುಡದ ಮನೆಯ ಮೆಟ್ಟಿಲ ಮೇಲೆ ಕುಳಿತು ಅಣ್ಣ ಆಡುವನು. ನಾವು ಸರದಿ ಕಾಯುವೆವು. ನಮ್ಮ ಸರದಿ ಬರುವ ಹೊತ್ತಿಗೆ ಸೆಲ್ಲು ಮುಗಿದಿರುತ್ತಿತ್ತು. ಅಣ್ಣ 2021ರಲ್ಲಿ ತೀರಿಕೊಂಡ. ಅವನ ಮಗಳಿಗೆ ಈಗ ಹತ್ತು ವರ್ಷ. ಅಪ್ಪನ ಡಬ್ಬಿ ಬೇಕೆಂದು ಹಟ ಹಿಡಿದಳು. ಅಟ್ಟದಿಂದ ಇಳಿಸಿ ಸೆಲ್ಲು ಹಾಕಿದರೆ ಹಾಡಿಗಿಂತ ಮುಂಚೆ ಗೊರಗೊರ.

ಕೋಠಿಯ ಗುಜರಾತಿ ಗಲ್ಲಿಗೆ ಒಯ್ದೆವು. ಅಲ್ಲಿಯ ವೃದ್ಧ ರಿಪೇರಿಯವರು, "ಘಬ್ರಾವ್ ನಕ್ಕೋ ಸಾಬ್" ಎಂದು ಮೊದಲು ಧ್ವನಿಯ ಚಕ್ರವನ್ನು ತಿರುಗಿಸಿದರು. ತಿರುಗಿಸುವಾಗ ಮಾತ್ರ ಚರಚರ ಎಂದರೆ ದೋಷ ಚಕ್ರದ್ದೇ. ಅದರಡಿಯ ಇಂಗಾಲದ ಪಟ್ಟಿಯ ಮೇಲೆ ಸಣ್ಣದೊಂದು ಲೋಹದ ಬೆರಳು ಜಾರುತ್ತದೆ. ಧೂಳು ಕೂತರೆ, ಪಟ್ಟಿ ಸವೆದರೆ ಸಂಪರ್ಕ ತಪ್ಪುತ್ತದೆ. ಸ್ಪಿರಿಟ್ಟಿನಿಂದ ಒರೆಸಿದ್ದೇ ತಡ, ಚರಚರ ಹೋಯಿತು. ಉಳಿದದ್ದು ಚಕ್ರವನ್ನು ಪೂರಾ ಇಳಿಸಿದರೂ ನಿಲ್ಲದ ಗುಂಯ್ ಎಂಬ ಸದ್ದು. ಅದು ವಿದ್ಯುತ್ತಿನ ಕಡೆಯಿಂದ ಬರುವುದಂತೆ. ನಾಲ್ಕು ಸೆಲ್ಲುಗಳ 6 ವೋಲ್ಟನ್ನು ಒಳಗಿನ ಮಂಡಲವು 5ಕ್ಕೆ ಇಳಿಸುತ್ತದೆ, ಪರದೆಗೆ ಬೇರೆಯದನ್ನು ಮಾಡಿಕೊಡುತ್ತದೆ. ಈ ಕೆಲಸಕ್ಕೆ ಪ್ರವಾಹವನ್ನು ಕ್ಷಣಕ್ಷಣಕ್ಕೂ ಕಡಿದು ಕಡಿದು ಬಿಡಬೇಕು. ಆ ಏರಿಳಿತವನ್ನು ಕೆಪಾಸಿಟರುಗಳು ಮನೆಯ ಮೇಲಿನ ನೀರಿನ ತೊಟ್ಟಿಯಂತೆ ಸಮಮಾಡುತ್ತವೆ. ಮೂವತ್ತು ವರ್ಷದಲ್ಲಿ ಅವುಗಳೊಳಗಿನ ದ್ರವ ಒಣಗಿದರೆ ಏರಿಳಿತ ನೇರವಾಗಿ ಸ್ಪೀಕರಿಗೇ ಬಂದು ಕೂಗುತ್ತದೆ. ಹೊಸ ಕೆಪಾಸಿಟರು ಹಾಕಿದರು. ನಿಶ್ಶಬ್ದ!

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಮೂಲ ಪರದೆಗೆ ದೀಪವಿಲ್ಲ, ಸಂಜೆ ಮಗುವಿಗೆ ಕಾಣದೆಂದು ಈಗಿನ ಬೆಳಕಿನ ಪರದೆ ಹಾಕಿಸಿದೆವು. ದುರಾಸೆ ನಮ್ಮದು. ಅದು ಅದೇ ತಂತಿಯಿಂದ ಗುಟುಕು ಗುಟುಕಾಗಿ ಪ್ರವಾಹ ಹೀರುತ್ತದೆ. ಆ ಗುಟುಕನ್ನೂ ಧ್ವನಿವರ್ಧಕ ಸಂಗೀತವೆಂದೇ ತಿಳಿದು ಹಿಗ್ಗಿಸುತ್ತದೆ. ಬೆಳಕು ತಗ್ಗಿಸಿದರೆ ಸ್ವರ ಬದಲಾಗುತ್ತದೆ, ಹೋಗುವುದಿಲ್ಲ. ಪರದೆಯ ತಂತಿಗೊಂದು ಕೆಪಾಸಿಟರು, ನೆಲತಂತಿಗೆ ಬೇರೆ ದಾರಿ, ಎರಡನ್ನೂ ಮಾಡಿದರು. ಮುಕ್ಕಾಲುಪಾಲು ಇಳಿಯಿತು.

(ಪಕ್ಕದಲ್ಲೇ 2001ರ ಗೇಮ್ ಬಾಯ್ ಅಡ್ವಾನ್ಸ್ ಒಂದು ಬುಸುಗುಡುತ್ತಿತ್ತು. ಅದರ ಅನೇಕ ಆಟಗಳ ಧ್ವನಿ 8 ಬಿಟ್ಟಿನ ಒರಟು ತುಣುಕುಗಳಿಂದ ಹೆಣೆದದ್ದು. ಹುಟ್ಟುಗುಣ ಸುಟ್ಟರೂ ಹೋಗದು; ರಿಪೇರಿಗೆ ಹಣ ಸುರಿಯಬೇಡಿ.)

ಮನೆಗೆ ತಂದಾಗ ಮಗು ಕಿವಿಗಿಟ್ಟು ಕೇಳಿ, "ಅಪ್ಪ ಆಡುವಾಗಲೂ ಹೀಗೇ ಗುಂಯ್ ಅಂತಿತ್ತಾ ಕಾಕಾ?" ಎಂದಳು.

ಇಲ್ಲವೆಂದೆವು.

"ಹಾಗಾದರೆ ಹಳೇ ಪರದೇನೇ ಹಾಕಿಸಿ. ಹಗಲಲ್ಲಿ ಆಡ್ತೀನಿ."

ಪುಣ್ಯಕ್ಕೆ ಹಳೆಯದನ್ನು ಹತ್ತಿಯಲ್ಲಿ ಸುತ್ತಿಟ್ಟಿದ್ದೆವು. ಬರುವ ಎರಡನೇ ಶನಿವಾರ ಕಛೇರಿಗೆ ರಜೆ. ಮತ್ತೆ ಕೋಠಿಗೆ, ಈ ಸಲ ಅವಳನ್ನೂ ಕರೆದುಕೊಂಡು.